ತುಕ್ಕಿನ ಮೇಲೆ ಬೆಸುಗೆ ನಿಲ್ಲೋದಿಲ್ಲ

ಕೈಯಲ್ಲಿ ಎತ್ತಿಕೊಂಡು ಹೋಗುವಂಥ ಸಣ್ಣ ವೆಲ್ಡಿಂಗ್ ಮೆಷಿನ್ ಈಗ ಹಳ್ಳಿಗಳಿಗೂ ಬಂದಿವೆ. ಮನೆಯ ಸಿಂಗಲ್ ಫೇಸ್ ಕರೆಂಟಿಗೇ ನಡೆಯುತ್ತವೆ. ರೈತ ಇದನ್ನು ಕಲಿಯಬೇಕೋ ಬೇಡವೋ ಅಂತ ಕೇಳಿದರೆ, ಕಲಿಯಬೇಕು ಅನ್ನುವವನು ನಾನು. ನಮ್ಮದು ಎರೆಭೂಮಿ, ಮಳೆ ನಂಬಿದ ಬೇಸಾಯ. ಮಳೆಯಾಗಿ ಹದ ಬಂದರೆ ಅದು ನಾಲ್ಕೈದು ದಿನದ ಮಾತು. ಅಷ್ಟರಲ್ಲಿ ಕೂರಿಗೆಯ ಪಟ್ಟಿ ಮುರಿದರೆ ಪೇಟೆಯ ಅಂಗಡಿ ಮುಂದೆ ದಿನವಿಡೀ ಕೂತರೂ ಪಾಳಿ ಬರೋದಿಲ್ಲ. ರೊಕ್ಕ ಉಳಿಯುವುದಕ್ಕಿಂತ ಹದ ಉಳಿಯುವುದು ದೊಡ್ಡದು.

ಆದರೆ ಮೆಷಿನ್ ತಂದವರು ಮೊದಲು ಕೈ ಹಾಕುವುದು ತುಕ್ಕು ತಿಂದ ಟ್ರೇಲರಿನ ತಳಕ್ಕೆ, ಇಲ್ಲವೇ ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ. ಹೆಂಗೂ ಹಾಳಾಗಿದ್ದು, ಕಲಿಯೋಕೆ ಚಲೋ ಅನ್ನೋ ಲೆಕ್ಕ. ಈ ಲೆಕ್ಕ ತಪ್ಪು. ಹೊಸಬನಿಗೆ ಎಲ್ಲಕ್ಕಿಂತ ಕಷ್ಟದ ಕೆಲಸವೇ ಇದು.

ಟ್ರೇಲರಿನಲ್ಲಿ ಯೂರಿಯಾ, ಡಿಎಪಿ ಚೆಲ್ಲುತ್ತದೆ, ತಿಪ್ಪೆಗೊಬ್ಬರದ ಹಸಿ ನಿಲ್ಲುತ್ತದೆ. ಗೊಬ್ಬರದ ಉಪ್ಪು ಹಸಿ ಹಿಡಿದು ಕಬ್ಬಿಣ ತಿನ್ನುತ್ತದೆ. ಕಣ್ಣಿಗೆ ಕಾಣುವ ತೂತು ರೂಪಾಯಿ ಅಗಲದ್ದು. ಅದರ ಸುತ್ತ ಗೇಣು ದೂರದವರೆಗೆ ತಗಡು ಕಾಗದದಂತೆ ಆಗಿರುತ್ತದೆ. ಅಲ್ಲಿ ರಾಡು ಮುಟ್ಟಿಸಿದರೆ ತಗಡು ಕರಗಿ ತೂತು ಅಂಗೈಯಷ್ಟಾಗುತ್ತದೆ. ತುಕ್ಕಿನ ಮೇಲೆ ಹಾಕಿದ ಬೆಸುಗೆಯೊಳಗೆ ಗುಳ್ಳೆ ಉಳಿದು, ಮೊದಲ ಕುಲುಕಿಗೇ ಬಿಡುತ್ತದೆ. ಕಾರಿನ ಬಾಡಿಯ ತಗಡಂತೂ ಮುಕ್ಕಾಲು ಮಿಲಿಮೀಟರ್ ಆಸುಪಾಸು. ಅದಕ್ಕೆ ಗ್ಯಾರೇಜಿನವರು ತಂತಿ ಉಣಿಸುವ ಮಿಗ್ ಮೆಷಿನ್ ಬಳಸುತ್ತಾರೆ. ರಾಡಿನ ಮೆಷಿನ್ನಿಗೆ ಅದು ಸುಲಭದಲ್ಲಿ ಒಗ್ಗದು.

ನಮ್ಮ ಅಣ್ಣನ ಮಗ ಮೆಷಿನ್ ತಂದಾಗ, “ಕಾಕಾ, ಮ್ಯಾಲೊಂದು ತಗಡು ಹಚ್ಚಿಬಿಡೋಣೇನು?” ಅಂದ. “ಮೊದಲು ಸುತ್ತಿಗಿ ಕೊಡು” ಅಂದೆ. ತಳವನ್ನೆಲ್ಲ ಬಡಿದು ನೋಡಿದೆವು. ಗಟ್ಟಿ ಸಪ್ಪಳ ಬರುವವರೆಗೆ ಸರಿದು ಸುಣ್ಣದಕಡ್ಡಿಯಿಂದ ಗೆರೆ ಹಾಕಿ, ಒಳಗಿನದನ್ನೆಲ್ಲ ಗ್ರೈಂಡರಿನಿಂದ ಕತ್ತರಿಸಿ ತೆಗೆದೆವು. ಅಂಚನ್ನು ಬೆಳ್ಳಗೆ ಹೊಳೆಯುವ ತನಕ ಉಜ್ಜಿ, 3 ಮಿ.ಮೀ. ಪ್ಲೇಟಿನ ತೇಪೆ ಕೂರಿಸಿದೆವು. 2.5 ಮಿ.ಮೀ. ರಾಡು, 70-80 ಆಂಪಿಯರ್ ಸಾಕಾಯಿತು. ಮೊದಲು ನಾಲ್ಕು ಮೂಲೆಗೆ ಚುಕ್ಕೆ, ಆಮೇಲೆ ಇಲ್ಲೊಂದು ಇಂಚು, ಎದುರು ಬದಿ ಒಂದು ಇಂಚು, ನಡುವೆ ಆರಲು ಬಿಡುವುದು. ಒಂದೇ ಸಮ ಎಳೆದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಕೊನೆಗೆ ಕೆಳಗೂ ಮೇಲೂ ರೆಡ್ ಆಕ್ಸೈಡ್. ಇದಕ್ಕೂ ಮುಂಚೆ ಹುಡುಗ ಗುಜರಿ ಪಟ್ಟಿಗಳ ಮೇಲೆ ಒಂದು ವಾರ ಕೈ ಪಳಗಿಸಿಕೊಂಡಿದ್ದ. ಹೊಸಬರು ದಪ್ಪ ಪಟ್ಟಿಯಿಂದಲೇ ಶುರು ಮಾಡಬೇಕು.

ಕೆಲವು ಮಾತು ಮರೆಯಬಾರದು. ಟ್ರ್ಯಾಕ್ಟರಿನ ಬ್ಯಾಟರಿ ವೈರು ಬಿಚ್ಚಬೇಕು, ಅರ್ಥ್ ಕ್ಲ್ಯಾಂಪನ್ನು ಬೆಸುಗೆಯ ಹತ್ತಿರವೇ ಕಚ್ಚಿಸಬೇಕು. ಇಲ್ಲದಿದ್ದರೆ ಕರೆಂಟು ಬೇರಿಂಗಿನೊಳಗೆ ಹಾದು ಅದನ್ನು ಕೆಡಿಸುತ್ತದೆ. ಪೆಟ್ರೋಲ್, ಡೀಸೆಲ್ ಟ್ಯಾಂಕು ಖಾಲಿಯಿದ್ದರೂ ಬೆಸುಗೆಗೆ ಕೊಡಬೇಡಿ, ಒಳಗಿನ ಆವಿ ಸಿಡಿಯುತ್ತದೆ. ಸತುವಿನ ಲೇಪದ ತಗಡಿನ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ. ಹತ್ತು-ಹನ್ನೊಂದನೇ ನಂಬರಿನ ಕಪ್ಪು ಗಾಜಿಲ್ಲದೆ ಬೆಳಕು ನೋಡಿದವರು ರಾತ್ರಿ ಕಣ್ಣಲ್ಲಿ ಉಸುಕು ಬಿದ್ದಂತೆ ನರಳುತ್ತಾರೆ. ಸುತ್ತ ನಿಂತ ಮಕ್ಕಳಿಗೂ ಇದೇ ಗತಿ. ನೈಲಾನ್ ಬಟ್ಟೆ ಬೇಡ, ಹಸಿ ನೆಲ ಬೇಡ. ಬಣವೆಯಿಂದ ದೂರ ಹೋಗಿ, ಮುಗಿದ ಮೇಲೂ ಅರ್ಧ ತಾಸು ಕಿಡಿ ಕಾಯಬೇಕು. ಒಂದು ಬಣವೆ ಸುಟ್ಟರೆ ದನಗಳ ಬೇಸಿಗೆಯೇ ಸುಟ್ಟಂತೆ.

ಇನ್ನೊಂದು ಮಾತನ್ನು ಖಡಾಖಂಡಿತವಾಗಿ ಹೇಳುತ್ತೇನೆ. ತಳ, ಪಕ್ಕದ ಹಲಗೆ, ಗೇಟು, ಕೂರಿಗೆ, ಕುಂಟೆ ಇವು ಮನೆಯಲ್ಲಾಗಲಿ. ಟ್ರೇಲರಿನ ಹುಕ್ಕು, ಎಳೆಯುವ ದಂಡ, ಆಕ್ಸಲ್, ಬ್ರೇಕು ಇವಕ್ಕೆ ಹೊಸಬರು ಕೈ ಹಚ್ಚಬಾರದು. ಸರಕು ಸಾಗಿಸುವ ಆ ಟ್ರೇಲರಿನಲ್ಲೇ ನಮ್ಮವರು ಕಳೆ ತೆಗೆಯಲು, ಜಾತ್ರೆಗೆ ಜನರನ್ನೂ ಕೂರಿಸಿಕೊಂಡು ಹೋಗುತ್ತಾರೆ. ಕೂರಿಸುವುದೇ ತಪ್ಪು, ಅದರ ಮೇಲೆ ಕಚ್ಚಾ ಬೆಸುಗೆಯೂ ಸೇರಿದರೆ ಹೋಗುವುದು ಯಾರದೋ ಮನೆಯ ಜೀವ.

ಮನೆಗೊಂದು ಮೆಷಿನ್ ಬೇಕಿಲ್ಲ. ನಾಲ್ಕು ಮನೆ ಕೂಡಿ ಒಂದು ಕೊಂಡರೆ ಸಾಕು. ಊರಲ್ಲಿ ಐಟಿಐ ಕಲಿತ ಹುಡುಗನಿದ್ದರೆ ನಾಲ್ಕು ಭಾನುವಾರ ಅವನ ಕೈಕೆಳಗೆ ಕಲಿಯಿರಿ, ವಯಸ್ಸಿನಲ್ಲಿ ಸಣ್ಣವನು ಅಂತ ನಾಚಬೇಡಿ. ಮುಂಗಾರಿಗೆ ಮುಂಚೆ, ಬೇಸಿಗೆಯ ಬಿಡುವಿನಲ್ಲೇ ಇದಾಗಲಿ.