ಅಂಕಿಯ ಮೋಹ

ಕಂಪ್ಯೂಟರ್ ಕೊಳ್ಳಹೊರಟ ನಮ್ಮ ವಿದ್ಯಾರ್ಥಿಮಿತ್ರರು ರ್‍ಯಾಮ್ ಪೊಟ್ಟಣದ ಮೇಲಿನ ದೊಡ್ಡ ಅಂಕಿಗೆ ಮರುಳಾಗುವುದುಂಟು. ಬೆಳ್ಳಗಿರುವುದೆಲ್ಲ ಹಾಲಲ್ಲ. 3200, 3600 ಎಂಬ ಅಂಕಿಗಳು ಸೆಕೆಂಡಿಗೆ ಎಷ್ಟು ದಶಲಕ್ಷ ಬಾರಿ ಮಾಹಿತಿ ಸಾಗೀತೆಂಬುದನ್ನಷ್ಟೇ ಹೇಳುತ್ತವೆ. ಕೇಳಿದ ಮಾಹಿತಿ ಹೊರಡುವ ಮುನ್ನ ಎಷ್ಟು ಕಾಯಬೇಕೆಂಬುದಕ್ಕೆ ಸಿ.ಎಲ್. ಎಂಬ ಮತ್ತೊಂದು ಅಂಕಿಯುಂಟು. ಅದನ್ನು 2000ದಿಂದ ಗುಣಿಸಿ, ವೇಗದ ಅಂಕಿಯಿಂದ ಭಾಗಿಸಿದರೆ ಕಾಯುವ ಕಾಲ ನ್ಯಾನೋಸೆಕೆಂಡುಗಳಲ್ಲಿ ದೊರೆಯುತ್ತದೆ. ಡಿ.ಡಿ.ಆರ್.4ರಲ್ಲಿ ಸಿ.ಎಲ್. 16ರ 3200ಕ್ಕೂ, ಸಿ.ಎಲ್. 18ರ 3600ಕ್ಕೂ, ಡಿ.ಡಿ.ಆರ್.5ರಲ್ಲಿ ಸಿ.ಎಲ್. 30ರ 6000ಕ್ಕೂ ಉತ್ತರ ಒಂದೇ: 10. ಸಿ.ಎಲ್. 40ರ 4800ಕ್ಕಾದರೋ 16ಕ್ಕೂ ಮಿಗಿಲು!

ಹಾಗಾದರೆ ವೇಗಕ್ಕೆ ಬೆಲೆಯೇ ಇಲ್ಲವೆ? ಉಂಟು. ರಾಶಿ ರಾಶಿ ಮಾಹಿತಿ ಸಾಗಿಸುವ ಕೆಲಸಗಳಲ್ಲಿ ವೇಗವೇ ಮೇಲು. ಆದರೆ ನಮ್ಮ ಬರವಣಿಗೆ, ಓದುಗಳಿಗೆ ಅದರಿಂದಾಗುವ ಲಾಭ ಅತ್ಯಲ್ಪ.

ಇನ್ನು ನಿಗದಿಯನ್ನು ಮೀರಿ ಓಡಿಸುವ ಓವರ್‌ಕ್ಲಾಕಿಂಗ್ ವಿಚಾರ. ದುಬಾರಿ ರ್‍ಯಾಮಿನ ಪೊಟ್ಟಣದಲ್ಲಿ ಸಾರಿದ ವೇಗವೇ ಬಹುಮಟ್ಟಿಗೆ ಅಂಥದು, ಬಯಾಸ್‌ನಲ್ಲಿ ಎಕ್ಸ್.ಎಂ.ಪಿ.ಯಂಥ ಏರ್ಪಾಡನ್ನು ಜಾರಿಗೆ ತರದಿದ್ದರೆ ಹಣ ತೆತ್ತ ವೇಗ ಕೈಗೆ ಬಾರದು. ಅದಕ್ಕೂ ಮೀರಿ ಎಳೆದಾಡಿದರೆ ಯಂತ್ರ ನಡೆಯುತ್ತಿರುವಂತೆಯೇ ಕಡತ ಸದ್ದಿಲ್ಲದೆ ಕೆಟ್ಟೀತು. ವರ್ಷವಿಡೀ ಶ್ರಮಿಸಿ ಪ್ರಬಂಧ ಬರೆಯುವವರಿಗೆ ಈ ಜೂಜು ಸಲ್ಲದು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಮೊದಲು ಸಾಕಷ್ಟು ಗಾತ್ರವನ್ನು ನೋಡೋಣ. ಬಳಿಕ, 16 ಜಿ.ಬಿ. ಬೇಕಾದಲ್ಲಿ ಒಂದರ ಬದಲು 8 ಜಿ.ಬಿ.ಯ ಒಂದೇ ಬಗೆಯ ಎರಡನ್ನು ಕೊಳ್ಳೋಣ. ಮಾಹಿತಿಗೆ ಎರಡು ಹಾದಿ ದೊರೆಯುತ್ತದೆ. ಅನಂತರ ಗುಣಾಕಾರ, ಭಾಗಾಕಾರ. ಓವರ್‌ಕ್ಲಾಕಿಂಗ್ ಕಟ್ಟಕಡೆಗೆ. ಉಳಿದ ಹಣದಲ್ಲಿ ನಾಲ್ಕು ಒಳ್ಳೆಯ ಪುಸ್ತಕಗಳು ಬಂದಾವು.