ನಾನೂ ಚಪ್ಪಾಳೆ ತಟ್ಟಿದೆ

ಮಗಳ ಬಾಣಂತನಕ್ಕೆಂದು 2023ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋಕ್ಕೆ ಹೋಗಿದ್ದೆ. ಬೇಸಿಗೆ ರಜೆಗೆ ಒಂದಿಷ್ಟು ಗಳಿಕೆ ರಜೆ ಸೇರಿಸಿಕೊಂಡಿದ್ದೆ. ಕೂಸಿಗೆ ಎಣ್ಣೆ ನೀರು, ಮಗಳಿಗೆ ಮೆಣಸಿನ ಸಾರು, ರಾತ್ರಿಯ ಜಾಗರಣೆ ಎಂದು ಆರು ವಾರ ಹೋದದ್ದೇ ತಿಳಿಯಲಿಲ್ಲ. ಮೇ ಕೊನೆಗೆ ಬೀಗಿತ್ತಿಯವರು ಬಂದಿಳಿದರು. ಮಗಳು, "ಆಯಿ, ಬಂದಾಗಿಂದ ನೀ ಮನೆ ಬಿಟ್ಟು ಹೊರಗೆ ಬಿದ್ದವಳಲ್ಲ. ನಾಳೆ ಅತ್ತೆ ಮಗು ನೋಡ್ಕೊಳ್ತಾರೆ. ನೀ ಸೀ ವರ್ಲ್ಡ್ ನೋಡಿ ಬಾ" ಎಂದಳು. ಅಳಿಯಂದಿರು ಆಫೀಸಿಗೆ ಹೋಗುವಾಗ ಬಾಗಿಲಲ್ಲಿ ಇಳಿಸಿ, ಸಂಜೆ ಕರೆದೊಯ್ಯಲು ಬರುವೆನೆಂದು ಹೇಳಿ ಹೋದರು.

ಐವತ್ತೇಳು ವರ್ಷಕ್ಕೆ, ಒಬ್ಬಳೇ, ಬರೀ ಸಂತೋಷಕ್ಕಾಗಿ ಒಂದು ಕಡೆ ಹೋದದ್ದು ಅದೇ ಮೊದಲು. ಪ್ರವಾಸವೆಂದರೆ ನನಗೆ ನಲವತ್ತು ಮಕ್ಕಳ ತಲೆ ಎಣಿಸುವ ಕೆಲಸ. ಬಸ್ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ಊಟವಾದ ಮೇಲೆ ಒಮ್ಮೆ. ಆ ದಿನ ಎಣಿಸಲು ಯಾರೂ ಇರಲಿಲ್ಲ. ಬೆಳಿಗ್ಗೆ ಮಕ್ಕಳ ಹಾಗೆಯೇ ಖುಷಿಪಟ್ಟೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಮುಂದೆ ನಾನು ಬರೆಯುವುದನ್ನು ಓದಿ, ಈ ಹೆಂಗಸು ಮೂಗು ಮುರಿಯುವುದಕ್ಕೆಂದೇ ಹೋಗಿದ್ದಳು ಎಂದು ಯಾರೂ ಭಾವಿಸಬಾರದು.

ಮಿಷನ್ ಬೇ ಎಂಬ ಕೊಲ್ಲಿಯ ದಂಡೆಯಲ್ಲಿ 1964ರಲ್ಲಿ ತೆರೆದ ಉದ್ಯಾನ ಅದು. ಒಂದೇ ವಿಶ್ವವಿದ್ಯಾಲಯದಲ್ಲಿ ಓದಿದ ನಾಲ್ವರು ಗೆಳೆಯರು ನೀರಿನಡಿಯಲ್ಲೊಂದು ಊಟದ ಹೋಟೆಲ್ ಕಟ್ಟಬೇಕೆಂದು ಹೊರಟು, ಅದು ಆಗದೆ, ಸಮುದ್ರಜೀವಿಗಳ ಪ್ರದರ್ಶನ ಕಟ್ಟಿದರಂತೆ. ಈಗ ಅಲ್ಲಿ ಪೆಂಗ್ವಿನ್‌ಗಳಿವೆ, ಕಡಲಸಿಂಹಗಳಿವೆ, ಬೆನ್ನು ಮುಟ್ಟಿಸಿಕೊಳ್ಳುವ ತೊರಕೆ ಮೀನುಗಳಿವೆ. ಜೊತೆಗೆ ಜನರನ್ನು ತಲೆಕೆಳಗು ಮಾಡಿ ಎಸೆಯುವ ರೋಲರ್ ಕೋಸ್ಟರ್‌ಗಳೂ ಇವೆ. ಅವಕ್ಕೂ ಮೀನಿನ, ಹಾವುಮೀನಿನ ಹೆಸರು. ಕುಮಟಾದ ಕಡಲ ದಂಡೆಯಲ್ಲಿ ಬೆಳೆದ ನನಗೆ ತೊರಕೆ ಎಂದರೆ ಮೀನು ಪೇಟೆಯಲ್ಲಿ ಕತ್ತರಿಸಿಟ್ಟ ತುಂಡು. ಅದು ಜೀವಂತ ಈಜುತ್ತ ಅಂಗೈ ಕೆಳಗೆ ಹಾದು ಹೋದಾಗ ಮೈ ಜುಂ ಎಂದಿತು.

ಹನ್ನೊಂದು ಗಂಟೆಯ ಹೊತ್ತಿಗೆ ಓರ್ಕಾಗಳ ಕೊಳದ ಎದುರು ಕುಳಿತೆ. ನಾವು ಇದನ್ನು ತಿಮಿಂಗಿಲ ಎಂದೇ ಕರೆಯುತ್ತೇವೆ. ನಿಜಕ್ಕೂ ಅದು ಡಾಲ್ಫಿನ್ ಕುಟುಂಬದ ಅತಿ ದೊಡ್ಡ ಪ್ರಾಣಿ. ನನ್ನ ಮುಂದಿನ ಸಾಲಿನಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟ ಶಾಲೆಯ ಮಕ್ಕಳು. ಅವರ ಟೀಚರು ಬೆರಳಲ್ಲಿ ತಲೆ ಎಣಿಸುತ್ತಿದ್ದಳು. ಲೋಕದಲ್ಲೆಲ್ಲ ನಮ್ಮ ಜಾತಿ ಒಂದೇ ಎಂದು ನಗು ಬಂತು. ಪರದೆಯ ಮೇಲೆ ಓರ್ಕಾ ಹೇಗೆ ಬೇಟೆಯಾಡುತ್ತದೆ, ಹೇಗೆ ಗುಂಪಿನಲ್ಲಿ ಬದುಕುತ್ತದೆ ಎಂದು ತೋರಿಸುತ್ತಿದ್ದರು. ಕೆಳಗೆ ಕೊಳದಲ್ಲಿ ಆ ಪ್ರಾಣಿಗಳು ಶಿಕ್ಷಕರ ಕೈಸನ್ನೆಗೆ ಮೇಲೆದ್ದು ನೀರಿಗೆ ಅಪ್ಪಳಿಸುತ್ತಿದ್ದವು. ಕರಿ ಬಿಳಿ ಮೈಯ ಆ ಅಷ್ಟು ಭಾರ ಗಾಳಿಯಲ್ಲಿ ನಿಂತ ಒಂದು ಕ್ಷಣ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಂಗೈ ಕೆಂಪಾಗುವಷ್ಟು ತಟ್ಟಿದೆ.

ಮುಗಿದ ಮೇಲೆ ಅಲ್ಲಿದ್ದ ಕೆಲಸದ ಹುಡುಗಿಯನ್ನು, ಇವುಗಳಲ್ಲಿ ಎಲ್ಲಕ್ಕಿಂತ ಹಿರಿಯದು ಯಾವುದು ಎಂದು ಕೇಳಿದೆ. ಅವಳು ಬಹಳ ವಿನಯದಿಂದ ತೋರಿಸಿದಳು. ಹೆಸರು ಕಾರ್ಕಿ. ಹೆಣ್ಣು. ಕೆನಡಾದ ಪಶ್ಚಿಮ ಕರಾವಳಿಯಲ್ಲಿ 1969ರಲ್ಲಿ ಹಿಡಿದದ್ದು.

ಆ ಇಸವಿ ಕೇಳಿ ನಾನು ಅಲ್ಲೇ ನಿಂತೆ. 1969ರಲ್ಲಿ ನನಗೆ ಮೂರು ವರ್ಷ. ಆಮೇಲೆ ನಾನು ಶಾಲೆಗೆ ಹೋದೆ, ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ, ಮದುವೆಯಾದೆ, ಹಡೆದೆ, ಮೂವತ್ತು ವರ್ಷ ಪಾಠ ಹೇಳಿದೆ, ಸಮುದ್ರ ದಾಟಿ ಮೊಮ್ಮಗನನ್ನು ಎತ್ತಿಕೊಂಡೆ. ಅಷ್ಟು ಕಾಲವೂ ಅದು ಒಂದಲ್ಲ ಒಂದು ತೊಟ್ಟಿಯಲ್ಲೇ ಸುತ್ತುತ್ತಿತ್ತು.

ಉಳಿದ ಆಟಗಳನ್ನು ನೋಡುವ ಮನಸ್ಸು ಹೋಯಿತು. ನೀರಿನೊಳಗನ್ನು ತೋರಿಸುವ ಗಾಜಿನ ಗೋಡೆಯ ಮುಂದೆ ಸಂಜೆಯವರೆಗೆ ಕುಳಿತೆ. ಅದು ಬರುತ್ತಿತ್ತು, ಗಾಜಿನ ಪಕ್ಕದಲ್ಲಿ ತಿರುಗುತ್ತಿತ್ತು, ಹೋಗುತ್ತಿತ್ತು. ಮತ್ತೆ ಬರುತ್ತಿತ್ತು. ತಲೆ ಎಣಿಸುವ ಅಭ್ಯಾಸದವಳು ಸುತ್ತು ಎಣಿಸಲು ತೊಡಗಿ, ಸ್ವಲ್ಪ ಹೊತ್ತಿಗೆ ಬಿಟ್ಟುಬಿಟ್ಟೆ.

ಮರುವಾರ ಮಗಳು ಲೈಬ್ರರಿಯಿಂದ ಪುಸ್ತಕಗಳನ್ನು ತಂದುಕೊಟ್ಟಳು. ರಾತ್ರಿ ಕೂಸನ್ನು ತಟ್ಟುತ್ತ ಓದಿದೆ. ಕನ್ನಡ ಪಾಠ ಹೇಳುವ ನಾನು ಪ್ರಾಣಿಗೆ 'ಅದು' ಎನ್ನಬೇಕು, ಅದು ನಪುಂಸಕಲಿಂಗ ಎಂದು ಮಕ್ಕಳಿಗೆ ಕಲಿಸಿದವಳು. ಓದಿದ ಮೇಲೆ ಕಾರ್ಕಿಗೆ 'ಅದು' ಎನ್ನಲು ನಾಲಿಗೆ ಏಳುತ್ತಿಲ್ಲ. ವ್ಯಾಕರಣ ತಪ್ಪಾದರೂ ಇಲ್ಲಿಂದ ಮುಂದೆ 'ಅವಳು' ಎಂದೇ ಬರೆಯುತ್ತೇನೆ.

ಅವಳನ್ನು ಹಿಡಿದಾಗ ಅವಳಿಗೆ ಸುಮಾರು ನಾಲ್ಕು ವರ್ಷ. ಬಲೆಗೆ ಸಿಕ್ಕ ಗುಂಪಿನಲ್ಲಿ ಮಾರಾಟಕ್ಕೆ ಬೇಕಾದವನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟರು. ಮೊದಲು ಲಾಸ್ ಏಂಜಲೀಸ್ ಬಳಿಯ ಬೇರೊಂದು ಉದ್ಯಾನದಲ್ಲಿದ್ದಳು. 1987ರಲ್ಲಿ ಸ್ಯಾನ್ ಡಿಯಾಗೋಕ್ಕೆ ಬಂದಳು. ಏಳು ಸಲ ಬಸಿರಾದಳು. ಒಂದು ಮರಿಯೂ ಎರಡು ತಿಂಗಳು ಬದುಕಲಿಲ್ಲ. ಅವಳ ಬಳಗ ಮಾತ್ರ ಕೆನಡಾದ ಆ ಸಮುದ್ರದಲ್ಲೇ ಈಜಾಡುತ್ತ ಬಂದಿದೆ. ವಿಜ್ಞಾನಿಗಳು ಅವುಗಳನ್ನು ಒಂದೊಂದಾಗಿ ಗುರುತಿಸಿ, ಯಾರ ಮಗಳು ಯಾರು ಎಂದು ವಂಶಾವಳಿಯನ್ನೇ ಬರೆದಿಟ್ಟಿದ್ದಾರೆ.

ವಂಶಾವಳಿ ಬರೆಯಲು ಸಾಧ್ಯವಾದದ್ದು ಆ ಪ್ರಾಣಿಗಳ ಬಾಳುವೆಯ ರೀತಿಯಿಂದ. ಆ ಕಡಲಿನ ಓರ್ಕಾಗಳಲ್ಲಿ ಗಂಡಾಗಲಿ ಹೆಣ್ಣಾಗಲಿ ಜೀವಮಾನವಿಡೀ ತಾಯಿಯ ಜೊತೆಗೇ ಇರುತ್ತವೆ. ಗಂಡು ಬೇರೆ ಗುಂಪಿನ ಹೆಣ್ಣನ್ನು ಕೂಡಿ ಮತ್ತೆ ತಾಯಿಯ ಬಳಿಗೇ ಬರುತ್ತದೆ. ಒಂದೊಂದು ಬಳಗಕ್ಕೂ ತನ್ನದೇ ಕೂಗುಗಳಿವೆ. ನಮ್ಮ ಕುಮಟಾದ ಮಾತಿಗೂ ಮಂಗಳೂರಿನ ಮಾತಿಗೂ ಇರುವಂಥ ವ್ಯತ್ಯಾಸ ಅವುಗಳಿಗೂ ಇದೆ. ಮರಿಗಳು ಅದನ್ನು ಹಿರಿಯರಿಂದ ಕೇಳಿ ಕಲಿಯುತ್ತವೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದು. ಹೆಣ್ಣು ಓರ್ಕಾ ಸುಮಾರು ನಲವತ್ತಕ್ಕೆ ಹೆರುವುದನ್ನು ನಿಲ್ಲಿಸಿ, ಆಮೇಲೆ ಎಷ್ಟೋ ವರ್ಷ ಬದುಕಬಲ್ಲದು. ಮುಟ್ಟು ನಿಂತ ಮೇಲೂ ದೀರ್ಘಕಾಲ ಬದುಕುವ ಪ್ರಾಣಿಗಳು ಲೋಕದಲ್ಲಿ ಬೆರಳೆಣಿಕೆಯಷ್ಟು. ಹೆಂಗಸರಾದ ನಾವು ಅವುಗಳಲ್ಲಿ ಒಂದು. ಯಾಕೆ ಹೀಗೆ ಎಂದು ವರ್ಷಗಟ್ಟಲೆ ನೋಡಿದಾಗ ತಿಳಿದದ್ದು: ಮೀನು ಕಡಿಮೆಯಾದ ವರ್ಷ ಗುಂಪಿನ ಮುಂದೆ ಈಜಿ ದಾರಿ ತೋರಿಸುವವರು ಈ ಹಿರಿಯ ಹೆಂಗಸರೇ. ಅಜ್ಜಿ ಇದ್ದ ಮರಿ ಉಳಿಯುವ ಸಂಭವ ಹೆಚ್ಚು.

ಇದನ್ನು ಓದಿದಾಗ ಮೊಮ್ಮಗ ನನ್ನ ತೊಡೆಯ ಮೇಲಿದ್ದ. ಏಳು ಸಮುದ್ರ ದಾಟಿ ನಾನು ಬಂದದ್ದು ಯಾವ ಕೆಲಸಕ್ಕೋ ಆ ಕೆಲಸಕ್ಕೆಂದೇ ಪ್ರಕೃತಿ ಅವಳಿಗೆ ಅಷ್ಟು ಆಯುಷ್ಯ ಕೊಟ್ಟಿದೆ. ಆ ಆಯುಷ್ಯವನ್ನು ಅವಳು ಗಾಜಿನ ಗೋಡೆಯ ಪಕ್ಕ ತಿರುಗಿ ತಿರುಗಿ ಕಳೆದಿದ್ದಾಳೆ.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಸೀ ವರ್ಲ್ಡ್‌ನ ಮತ್ತೊಂದು ಉದ್ಯಾನದಲ್ಲಿ, ಫ್ಲಾರಿಡಾದ ಒರ್ಲ್ಯಾಂಡೋದಲ್ಲಿ, 2010ರ ಫೆಬ್ರುವರಿಯಲ್ಲಿ ಟಿಲಿಕಮ್ ಎಂಬ ಗಂಡು ಓರ್ಕಾ ತನ್ನ ತರಬೇತುಗಾರ್ತಿ ಡಾನ್ ಬ್ರಾಂಚೋ ಅವರನ್ನು ಕೊಂದಿತು. 2013ರಲ್ಲಿ 'ಬ್ಲ್ಯಾಕ್‌ಫಿಶ್' ಎಂಬ ಸಾಕ್ಷ್ಯಚಿತ್ರ ಬಂತು. ಜನ ಸಿಟ್ಟಾದರು. 2016ರಲ್ಲಿ ಸಂಸ್ಥೆ ಇನ್ನು ಓರ್ಕಾಗಳಿಗೆ ಮರಿ ಮಾಡಿಸುವುದಿಲ್ಲ ಎಂದು ಘೋಷಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯ ರಾಜ್ಯ ಕಾನೂನು ಮಾಡಿ, ಮನರಂಜನೆಗಾಗಿ ಓರ್ಕಾ ಆಟ ಆಡಿಸಕೂಡದು, ಶೈಕ್ಷಣಿಕ ಪ್ರದರ್ಶನ ಮಾಡಬಹುದು ಎಂದಿತು. ಹಾಗಾಗಿ ನಾನು ನೋಡಿದ್ದು ಆಟವಲ್ಲ, ಶಿಕ್ಷಣ!

ನನ್ನ ತಕರಾರು ಈ ಶಬ್ದದ ಮೇಲೆ. ಇದು ನನ್ನ ವೃತ್ತಿಯ ಶಬ್ದ. ಇದರಿಂದ ಅನ್ನ ಉಂಡವಳು ನಾನು. ಶಿಕ್ಷಣವೆಂದರೆ ನೋಡಿದ್ದು ನಿಜವಾಗಿರಬೇಕು. ದಿನಕ್ಕೆ ನೂರು ಕಿಲೋಮೀಟರಿಗೂ ಮೀರಿ ಈಜಬಲ್ಲ ಪ್ರಾಣಿಯನ್ನು ತೊಟ್ಟಿಯಲ್ಲಿಟ್ಟು ತೋರಿಸಿದರೆ ಮಗು ಕಲಿಯುವುದೇನು? ಗಂಡು ಓರ್ಕಾದ ಬೆನ್ನಿನ ಈಜುರೆಕ್ಕೆ ಕಡಲಿನಲ್ಲಿ ಆಳೆತ್ತರ ನೆಟ್ಟಗೆ ನಿಲ್ಲುತ್ತದೆ. ತೊಟ್ಟಿಯ ಗಂಡುಗಳಲ್ಲಿ ಅದು ಬಾಡಿದ ಬಾಳೆಲೆಯ ಹಾಗೆ ಒಂದು ಪಕ್ಕಕ್ಕೆ ಬಿದ್ದಿರುತ್ತದೆ. ಓರ್ಕಾ ತಾಯಿಯನ್ನು ಬಿಡುವುದಿಲ್ಲ ಎಂಬುದು ಪುಸ್ತಕದ ಪಾಠ. ಆದರೆ ಇದೇ ಸ್ಯಾನ್ ಡಿಯಾಗೋದಲ್ಲಿದ್ದ ಕಸಾಟ್ಕಾ ಎಂಬ ತಾಯಿಯಿಂದ ಅವಳ ಮಗಳು ಟಕಾರಾಳನ್ನು 2004ರಲ್ಲಿ ಬೇರ್ಪಡಿಸಿ ಒರ್ಲ್ಯಾಂಡೋಗೆ ಸಾಗಿಸಿದರು. ಪರದೆಯ ಮೇಲೆ ಒಂದು, ಕೊಳದಲ್ಲಿ ಇನ್ನೊಂದು. ಇಷ್ಟೆಲ್ಲದರ ನಡುವೆ ಮಗು ಗಟ್ಟಿಯಾಗಿ ಕಲಿಯುವ ಪಾಠ ಒಂದೇ: ನಮಗೆ ನೋಡಬೇಕೆನಿಸಿದರೆ ಸಾಕು, ಯಾರನ್ನಾದರೂ ಹಿಡಿದು ತರಬಹುದು. ಈ ಪಾಠವನ್ನು ಶಿಕ್ಷಣವೆಂದು ಕರೆಯಲು ನಾನು ಒಪ್ಪುವುದಿಲ್ಲ.

ಅಳಿಯಂದಿರು ಓದಿಕೊಂಡವರು, ನ್ಯಾಯವಾಗಿ ವಾದಿಸಿದರು. "ಅಮ್ಮಾ, ಅವರು ಗಾಯಗೊಂಡ ಕಡಲಪ್ರಾಣಿಗಳನ್ನು ಉಳಿಸ್ತಾರೆ, ನಲವತ್ತು ಸಾವಿರಕ್ಕೂ ಹೆಚ್ಚು ಉಳಿಸಿದ್ದೇವೆ ಅಂತ ಹೇಳ್ತಾರಲ್ಲ" ಎಂದರು. ಅದು ಒಳ್ಳೆಯ ಕೆಲಸವೇ, ಅದಕ್ಕೆ ಕೈ ಮುಗಿಯುತ್ತೇನೆ. ಆಸ್ಪತ್ರೆ ನಡೆಸುವುದಕ್ಕೆ ಪಕ್ಕದಲ್ಲಿ ಸೆರೆಮನೆ ಯಾಕೆ ಬೇಕು ಎಂದಷ್ಟೇ ನನ್ನ ಪ್ರಶ್ನೆ. "ಈಗ ಬಿಟ್ಟರೆ ಅವು ಬದುಕುವುದಿಲ್ಲ" ಎಂದರು. ಇದೂ ಸುಳ್ಳಲ್ಲ. 'ಫ್ರೀ ವಿಲ್ಲಿ' ಸಿನಿಮಾದಲ್ಲಿ ನಟಿಸಿದ ಕೇಕೋ ಎಂಬ ಓರ್ಕಾವನ್ನು ವರ್ಷಗಟ್ಟಲೆ ತಯಾರು ಮಾಡಿ 2002ರಲ್ಲಿ ಕಡಲಿಗೆ ಬಿಟ್ಟರೂ ಅದು ಬಳಗ ಸೇರಲಾರದೆ 2003ರ ಡಿಸೆಂಬರ್‌ನಲ್ಲಿ ನಾರ್ವೆಯಲ್ಲಿ ತೀರಿಕೊಂಡಿತು. ಆದರೆ ಕಡಲಿನದೇ ಒಂದು ಮೂಲೆಗೆ ಬಲೆಯ ಬೇಲಿ ಹಾಕಿ, ಮನುಷ್ಯರು ಮೀನು ಹಾಕುತ್ತ, ಇವುಗಳನ್ನು ಉಪ್ಪುನೀರಿನ ಅಲೆಯಲ್ಲಿ ಮುಪ್ಪು ಕಳೆಯಲು ಬಿಡಬಹುದೆಂದು ಹೇಳುವವರಿದ್ದಾರೆ. ಕಾರ್ಕಿ ಹುಟ್ಟಿದ ಕಡಲಿನಲ್ಲೇ ಅಂಥ ಜಾಗ ಮಾಡಬೇಕೆಂದು ಅಲ್ಲಿಯವರು ಕೇಳುತ್ತ ಬಂದಿದ್ದಾರೆ. ಕಾಲು ಮುರಿದವನಿಗೆ ಓಡಲಾಗದು ಎಂದ ಮಾತ್ರಕ್ಕೆ ಅಂಗಳದಲ್ಲಿ ಕೂರಲೂ ಬಿಡಬಾರದೆ?

ಅಳಿಯನ ವಾದಕ್ಕೆ ಉತ್ತರವಿತ್ತು. ಮಗಳ ಮಾತಿಗೆ ಇರಲಿಲ್ಲ. "ಆಯಿ, ನೀ ನನ್ನನ್ನ ಹುಬ್ಬಳ್ಳಿ ಸರ್ಕಸ್ಸಿಗೆ ಕರ್ಕೊಂಡು ಹೋಗಿದ್ದೆ ಅಲ್ದಾ? ಸಿಂಹ ಸ್ಟೂಲ್ ಮೇಲೆ ಕೂತಾಗ ನಾ ಹೆದರಿಕೊಂಡಿದ್ದೆ. ಚಪ್ಪಾಳೆ ಹೊಡಿ ಅಂದವಳು ನೀನೇ."

ಹೌದು, ನಾನೇ. ಅವಳನ್ನಷ್ಟೇ ಅಲ್ಲ, ಒಂದು ವರ್ಷ ಏಳನೆಯ ತರಗತಿಯ ಮಕ್ಕಳನ್ನೂ ಕರೆದೊಯ್ದಿದ್ದೆ. ಹಿಂತಿರುಗಿದ ಮೇಲೆ 'ನಾನು ನೋಡಿದ ಸರ್ಕಸ್' ಎಂದು ಪ್ರಬಂಧ ಬರೆಸಿ, ಸಿಂಹದ ಶಿಸ್ತನ್ನು ಹೊಗಳಿದವರಿಗೆ ಹೆಚ್ಚು ಅಂಕ ಕೊಟ್ಟಿದ್ದೆ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಆಟಕ್ಕೆ ಬಳಸಬಾರದೆಂದು ನಮ್ಮ ಸರಕಾರ 1998ರಲ್ಲಿ ಹೇಳಿತು, 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಂದರೆ ತಪ್ಪು ಎಂದು ನನಗೆ ಕಾನೂನು ಹೇಳಬೇಕಾಯಿತು. ಪಾಠ ಹೇಳುವವಳಿಗೆ ತಾನಾಗಿ ಹೊಳೆಯಲಿಲ್ಲ. ಆದ್ದರಿಂದ ಈ ಜಗಳ ಅಮೆರಿಕದವರ ಜೊತೆ ಮಾತ್ರವಲ್ಲ, ನನ್ನ ಜೊತೆಯೂ ಹೌದು.

ನಮ್ಮ ದೇಶದ ವಿಷಯದಲ್ಲಿ ಒಂದು ಹೆಮ್ಮೆ ಇದೆ. ಚೆನ್ನೈ ಬಳಿಯ ಉದ್ಯಾನವೊಂದಕ್ಕೆ 1998ರಲ್ಲಿ ಬಲ್ಗೇರಿಯದಿಂದ ತಂದ ಡಾಲ್ಫಿನ್‌ಗಳು ವರ್ಷ ತುಂಬುವ ಮೊದಲೇ ಸತ್ತವು. ಮುಂದೆ ಬೇರೆ ಬೇರೆ ರಾಜ್ಯಗಳಲ್ಲಿ ಡಾಲ್ಫಿನ್ ಪಾರ್ಕಿನ ಯೋಜನೆಗಳೆದ್ದಾಗ, 2013ರ ಮೇ ತಿಂಗಳಲ್ಲಿ ಕೇಂದ್ರೀಯ ಮೃಗಾಲಯ ಪ್ರಾಧಿಕಾರ ಇವಕ್ಕೆ ಅನುಮತಿ ಕೊಡಕೂಡದೆಂದು ಸುತ್ತೋಲೆ ಹೊರಡಿಸಿತು. ಡಾಲ್ಫಿನ್‌ಗಳನ್ನು 'ಮನುಷ್ಯರಲ್ಲದ ವ್ಯಕ್ತಿಗಳು' ಎಂದು ಕಾಣಬೇಕು ಎಂಬ ಮಾತು ಅದರಲ್ಲಿದೆ. ನನ್ನ ವ್ಯಾಕರಣದ ತಪ್ಪಿಗೆ ಸರಕಾರದ ಸಮ್ಮತಿಯೇ ಸಿಕ್ಕ ಹಾಗಾಯಿತು.

ಆದರೆ ಸುತ್ತೋಲೆ ಪಾರ್ಕನ್ನು ತಡೆಯಬಹುದು, ನಮ್ಮ ಆಸೆಯನ್ನು ತಡೆಯಲಾರದು. ದುಬೈಗೆ ಹೋದವರು ಡಾಲ್ಫಿನ್ ಮುತ್ತಿಡುವ ಫೋಟೋ ಕಳಿಸುತ್ತಾರೆ. ನಾವು ಅದಕ್ಕೆ ಹೂವಿನ ಚಿತ್ರ ಹಾಕುತ್ತೇವೆ. ಕಾರವಾರ, ಗೋಕರ್ಣದ ನೀರಿನಲ್ಲಿ ಡಾಲ್ಫಿನ್ ಕಂಡರೆ ಪ್ರವಾಸಿಗರ ದೋಣಿಗಳು ನಾಲ್ಕು ಕಡೆಯಿಂದ ಮೋಟಾರು ಜೋರು ಮಾಡಿ ಅಟ್ಟಿಸಿಕೊಂಡು ಹೋಗುತ್ತವೆ. ದುಡ್ಡು ಕೊಟ್ಟವರಿಗೆ ಕಾಣಲೇಬೇಕು ಎಂಬ ಹಟ. ಸ್ಯಾನ್ ಡಿಯಾಗೋದ ತೊಟ್ಟಿ ಕಟ್ಟಿಸಿದ್ದೂ ಇದೇ ಹಟ.

ಊರಿಗೆ ಮರಳಿದ ವರ್ಷ ಶಾಲೆಯಲ್ಲಿ ಪ್ರವಾಸದ ಮಾತು ಬಂತು. ಮಕ್ಕಳಿಗೆ ವಾಟರ್ ಪಾರ್ಕ್ ಬೇಕಿತ್ತು. ಅದಕ್ಕೆ ನನ್ನ ಅಡ್ಡಿಯಿಲ್ಲ. ನೀರಿನಲ್ಲಿ ಜಾರಿ ಬೀಳುವ ಸುಖವನ್ನು ಯಾಕೆ ತಪ್ಪಿಸಲಿ? ಅದರ ಜೊತೆಗೆ ಡಿಸೆಂಬರಿನ ಒಂದು ಬೆಳಿಗ್ಗೆ ಒಂಬತ್ತನೆಯ ತರಗತಿಯನ್ನು ನಮ್ಮದೇ ಕಡಲ ದಂಡೆಯ ಗುಡ್ಡಕ್ಕೆ ನಡೆಸಿಕೊಂಡು ಹೋದೆ. ಮೂವತ್ತೆಂಟು ತಲೆ. ಎರಡು ಗಂಟೆ ಸುಮ್ಮನೆ ನೀರು ನೋಡಿದೆವು. ಹುಡುಗರು ಗೊಣಗಿದರು. ಕೆಲವರು ಕಡಲೆ ತಿಂದು ಮುಗಿಸಿದರು. ಏಳುವ ಹೊತ್ತಿಗೆ ದೂರದಲ್ಲಿ ಬೂದು ಬೆನ್ನೊಂದು ಎದ್ದು ಮುಳುಗಿತು, ಅದರ ಹಿಂದೆ ಇನ್ನೊಂದು, ಚಿಕ್ಕದು. ಕಂಡವರು ಹತ್ತು ಹನ್ನೆರಡು ಮಂದಿ. ಉಳಿದವರಿಗೆ ಕಾಣಲಿಲ್ಲ.

"ಟೀಚರ್, ನಮಗೆ ಕಾಣ್ಲೇ ಇಲ್ಲ" ಎಂದು ಒಬ್ಬಳು ಅಳುಮುಖ ಮಾಡಿದಳು. "ಅದರ ಮನೆ ಅದು. ನಮಗೆ ಕಾಣಬೇಕು ಅಂತ ಕಾಯಿದೆ ಉಂಟೇನೆ? ಇನ್ನೊಮ್ಮೆ ಬರುವಾ" ಎಂದೆ. ಆ ದಿನ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಲೆ ಎಣಿಸಿ, ಗುಡ್ಡ ಇಳಿಸಿಕೊಂಡು ಬಂದೆ.