ಬಲವೂ ತ್ರಾಣವೂ

ಮನೆಯ ಮಕ್ಕಳು ಗಣಕಯಂತ್ರದ ಮುಂದೆ ಕುಳಿತು ಆಡುವ ಆಟಗಳಲ್ಲಿ ಒಂದು ವಿಶೇಷ ಜಾತಿಯುಂಟು. ಆಡುವವನು ಒಂದು ಪಾತ್ರವನ್ನು ವಹಿಸಿ, ಕಾಡುಮೇಡುಗಳಲ್ಲಿ ಅನ್ನ, ನೀರು, ಆಸರೆಗಳನ್ನು ತಾನೇ ಸಂಪಾದಿಸಿ ಜೀವವುಳಿಸಿಕೊಳ್ಳಬೇಕು. ಇಂತಹ ಆಟವನ್ನು ರಚಿಸುವವನಿಗೆ ಮೊದಲು ಎದುರಾಗುವ ಪ್ರಶ್ನೆಯೆಂದರೆ, ಪಾತ್ರದ ಗುಣಗಳನ್ನು ಅಳೆಯುವುದೆಂತು ಎಂಬುದು. ಈ ತಿಂಗಳು ಅದನ್ನೇ ವಿಚಾರಮಾಡೋಣ. ಇದು ಬರಿಯ ಹುಡುಗಾಟಿಕೆಯ ಮಾತೆಂದು ವಾಚಕ ಮಹಾಶಯರು ತಳ್ಳಿಬಿಡಬಾರದು.

1974ರಲ್ಲಿ ಅಮೆರಿಕಾ ದೇಶದ ಗೇರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವು ಪ್ರಕಟವಾಯಿತು. ಅದು ಕಾಗದ ಮತ್ತು ದಾಳಗಳ ಆಟ. ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚುರುಕು, ವರ್ಚಸ್ಸು ಎಂದು ಪಾತ್ರಕ್ಕೆ ಆರು ಗುಣಗಳು. ಒಂದೊಂದಕ್ಕೂ ಮೂರು ದಾಳಗಳನ್ನು ಉರುಳಿಸಿ ಮೊತ್ತವನ್ನು ಬರೆದುಕೊಳ್ಳತಕ್ಕದ್ದು. ಕನಿಷ್ಠ 3, ಪರಮಾವಧಿ 18. ಮೂರು ದಾಳಗಳು ಬೀಳುವ ಬಗೆಗಳು 216. ಅವುಗಳಲ್ಲಿ 10 ಬರುವ ಬಗೆಗಳು 27. 18 ಬರುವುದಾದರೋ ಒಂದೇ ಬಗೆ. ಮಧ್ಯಮರು ಬಹುಮಂದಿ, ಅಸಾಧಾರಣರು ವಿರಳ. ಲೋಕರೀತಿಗೆ ಒಪ್ಪುವ ಏರ್ಪಾಡೇ ಸರಿ. ಆದರೆ ಇಲ್ಲಿ ದೈವದ ಪಾಲೇ ಹೆಚ್ಚು.

2021ರಲ್ಲಿ ಸ್ವೀಡನ್ನಿನಿಂದ ಬಂದ ‘ವಾಲ್‌ಹೈಮ್’ ಎಂಬ ಗಣಕಯಂತ್ರದ ಆಟದಲ್ಲಿ ಕ್ರಮವು ಬೇರೆ. ಆರಂಭದಲ್ಲಿ ಎಲ್ಲರೂ ಸಮಾನರು. ಓಡಿದವನಿಗೆ ಓಟವೂ, ಈಜಿದವನಿಗೆ ಈಜೂ ಅಭ್ಯಾಸದಿಂದಲೇ ಕೈಗೂಡುತ್ತವೆ. ಇದು ಪುರುಷಪ್ರಯತ್ನದ ಮಾರ್ಗ.

ಆದರೂ ಗುಣಗಳಷ್ಟರಿಂದಲೇ ಆಟವು ಸಾಗದು. ಅವನ್ನು ಬಳಸುವ ಕಸುವೊಂದು ಬೇಕು. ಅದಕ್ಕೆ ನಮ್ಮಲ್ಲಿ ‘ತ್ರಾಣ’ವೆಂಬ ಒಳ್ಳೆಯ ಮಾತಿದೆ. ಸಂಸ್ಕೃತದಲ್ಲಿ ಈ ಶಬ್ದಕ್ಕೆ ರಕ್ಷಣೆಯೆಂದು ಅರ್ಥ. ಕನ್ನಡಿಗರು ಇದನ್ನು ಮೈಯ ಕಸುವಿಗೂ ಹೇಳುತ್ತಾರೆ. ಉಳಿದಿರುವ ಕಸುವೇ ನಮ್ಮನ್ನು ಕಾಯತಕ್ಕದ್ದೆಂದು ತಿಳಿದರೆ ಎರಡರ್ಥಗಳೂ ಕೂಡಿಕೊಳ್ಳುತ್ತವೆ. ವಾಲ್‌ಹೈಮಿನಲ್ಲಿ ಓಟ, ನೆಗೆತ, ಹೊಡೆತಗಳಿಗೆಲ್ಲ ತ್ರಾಣವು ವ್ಯಯವಾಗುವುದು. ತುಸು ನಿಂತರೆ ಮರಳಿ ತುಂಬುವುದು. ಅದು ಬರಿದಾದರೆ ಎಂತಹ ಪಳಗಿದ ಕೈಯೂ ಕತ್ತಿಯನ್ನು ಬೀಸಲಾರದು. ನಡುನೀರಿನಲ್ಲಿ ಬರಿದಾದರೆ ಪ್ರಾಣಕ್ಕೇ ಸಂಚಕಾರ. ಉಣ್ಣದಿದ್ದ ಮಾತ್ರಕ್ಕೆ ಅಲ್ಲಿ ಸಾವಿಲ್ಲ. ಆದರೆ ಮೂರು ಬಗೆಯ ಆಹಾರವನ್ನು ಉಂಡವನ ಆಯುಸ್ಸೂ ತ್ರಾಣವೂ ಹೆಚ್ಚುತ್ತವೆ. ಸೂರಿನ ಕೆಳಗೆ ಬೆಂಕಿಯ ಬಳಿ ವಿಶ್ರಮಿಸಿದವನಿಗೆ ತ್ರಾಣವು ಬೇಗನೆ ತುಂಬುತ್ತದೆ. ಹಸಿವನ್ನು ದಂಡನೆಯಾಗಿಸದೆ ಊಟವನ್ನೇ ಲಾಭವಾಗಿಸಿರುವ ಈ ಯುಕ್ತಿಯು ನಮಗೆ ಮೆಚ್ಚುಗೆಯಾಗಿದೆ.

ಹಾಗಾದರೆ ತ್ರಾಣದ ಅಳತೆಯೆಷ್ಟಿರಬೇಕು? ನಾಲ್ಕು ಹೆಜ್ಜೆಗೇ ಮುಗಿದರೆ ಆಡುವವನಿಗೆ ಕಾಯುವುದೇ ಕೆಲಸವಾದೀತು. ಎಂದೂ ಮುಗಿಯದಿದ್ದರೆ ವಿವೇಕಕ್ಕೆ ಎಡೆಯೇ ಇರದು. ಕಾಡಿನೊಳಹೊಕ್ಕವನು ಹಿಂದಿರುಗುವ ದಾರಿಗೂ ಕಸುವನ್ನು ಉಳಿಸಿಕೊಳ್ಳಬೇಕೆಂಬ ಯೋಚನೆ ಹುಟ್ಟುವಷ್ಟಿದ್ದರೆ ಅದೇ ಸರಿಯಾದ ಅಳತೆ.

ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಓದಿ, ಬೆಳಗ್ಗೆ ಪ್ರಶ್ನಪತ್ರಿಕೆಯ ಮುಂದೆ ತೂಕಡಿಸಿದ ಜಾಣ ಹುಡುಗರನ್ನು ಉಪಾಧ್ಯಾಯ ವೃತ್ತಿಯಲ್ಲಿ ನಾವು ಕಂಡಿದ್ದೇವೆ. ಅವರಲ್ಲಿ ಕೊರತೆಯಾದುದು ಬುದ್ಧಿಯಲ್ಲ, ತ್ರಾಣ. ಆಟದ ವೀರನಿಗೆ ಅನ್ನವನ್ನೂ ವಿಶ್ರಾಂತಿಯನ್ನೂ ತಪ್ಪದೆ ಒದಗಿಸುವ ಮಗುವು ತಾನು ಊಟ ಬಿಟ್ಟು ನಡುರಾತ್ರಿಯವರೆಗೆ ಕುಳಿತಿದ್ದರೆ, ಆ ಪಾಠವು ತೆರೆಯ ಮೇಲೆಯೇ ಉಳಿಯಿತೆಂದರ್ಥ. ಆಗ ಗದರಿಸುವುದಕ್ಕಿಂತ, “ನಿನ್ನ ತ್ರಾಣ ಎಷ್ಟು ಉಳಿದಿದೆಯಪ್ಪಾ?” ಎಂದು ಕೇಳಿ, ಎಲೆ ಹಾಕಿ ಕರೆಯುವುದೇ ಮೇಲು.